ಅಜ್ಜನ ಗಡಿಯಾರ ಮಾರುವ ಮುನ್ನ

ಯಾದಗಿರಿ, ಶಹಾಪುರ, ಸುರಪುರದ ಕಡೆ ಅಜ್ಜನ ಪೆಟ್ಟಿಗೆ ತೆರೆದರೆ ಅತ್ತರಿನ ಸೀಸೆ, ತಸ್ಬೀಹ್ ಜೊತೆ ದಿನಾ ಕೀ ಕೊಡುವ ಎಚ್‌ಎಂಟಿ ಜನತಾ ಗಡಿಯಾರವೂ ಸಿಗಬಹುದು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಈಗ ಹಳೆಯವಕ್ಕೆ ಗಿರಾಕಿಗಳಿದ್ದಾರೆ, ಮೋಸವೂ ಇದೆ.

ಮುಖ ನೋಡಿ ನಂಬಬೇಡಿ, ಅದಕ್ಕೆ ಹೊಸ ಬಣ್ಣ ಹೊಡೆಯುವುದು ಸುಲಭ. ರಿಪೇರಿಯವರಿಂದ ನಿಮ್ಮೆದುರೇ ಹಿಂದಿನ ಮುಚ್ಚಳ ತೆಗೆಸಿ. ಯಂತ್ರದ ಮೇಲೆ ಎಚ್‌ಎಂಟಿ ಹೆಸರು, 17 ಜ್ಯುವೆಲ್ಸ್ ಎಂಬ ಕೆತ್ತನೆ ನೋಡಿ. ಒಂದು ಭಾಗ ಮಾತ್ರ ಫಳಫಳ ಹೊಳೆದು ಉಳಿದದ್ದು ಮಂಕಾಗಿದ್ದರೆ ಬೇರೆ ಗಡಿಯಾರದ ಬಿಡಿಭಾಗ ಸೇರಿರಬಹುದು. ಸೇರಿಸುವುದು ತಪ್ಪಲ್ಲ, ರಿಪೇರಿ ಆಗದ ಹಳೆಯ ಗಡಿಯಾರ ಎಲ್ಲಿದೆ? ಮುಚ್ಚಿಟ್ಟು ಮಾರುವುದು ತಪ್ಪು. ಒದ್ದೆ ಧಾನ್ಯವನ್ನು ಒಳಗಿಟ್ಟ ವ್ಯಾಪಾರಿಗೆ ಪ್ರವಾದಿ(ಸ) ಎಚ್ಚರಿಕೆ ಕೊಟ್ಟದ್ದು ಇದಕ್ಕೇ.

ಮಾರುವುದಾದರೆ ಏನೇನು ಬದಲಾಗಿದೆ ಎಂದು ಚೀಟಿ ಬರೆದು ಕೊಡಿ. ಮಂಕಾದ ಮುಖಕ್ಕೆ ಮಾತ್ರ ಬಣ್ಣ ಹಚ್ಚಿಸಬೇಡಿ.