ಗುಂಡಿ ಒತ್ತುವ ಮೊದಲು ಖಾತೆ ಬರೆಯೋಣ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹತ್ತನೆಯ ತರಗತಿಯವರೆಗೆ ಓದಿದ್ದು ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ. ಇಂಥವನು ಲಿಂಕರ್ ಎಂಬ ಕಂಪ್ಯೂಟರ್ ವಿಷಯವನ್ನು ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಎತ್ತಿಕೊಂಡರೆ, “ಇವನಿಗ್ಯಾಕೆ ಇಲ್ಲದ ಉಸಾಬರಿ?” ಎಂದು ಕೆಲವರಾದರೂ ಕೇಳಿಯಾರು. ಕೇಳಲಿ. ಕತೆ, ಕವಿತೆ, ಹನಿಗವನಗಳ ನಡುವೆ ಎರಡು ಪುಟ ಇದಕ್ಕೂ ಇರಲಿ ಎಂದು ಸಂಪಾದಕರನ್ನು ಕಾಡಿ ಬೇಡಿ ಜಾಗ ಪಡೆದಿದ್ದೇನೆ.

ವಿಷಯ ಶುರುವಾದದ್ದು ನಮ್ಮ ಮನೆಯಲ್ಲೇ. ನನ್ನ ದೊಡ್ಡಮ್ಮನ ಮಗ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತಾ ನಮ್ಮ ಖೋಲಿಯಲ್ಲೇ ಇದ್ದಾನೆ. ಹೋದ ಸೆಮಿಸ್ಟರಿನಲ್ಲಿ ಅವನ ಗುಂಪು ಒಂದು ಪ್ರಾಜೆಕ್ಟ್ ಮಾಡಿತು. ಮಾಡಿತು ಅನ್ನುವುದಕ್ಕಿಂತ, ಹಿರಿಯ ವಿದ್ಯಾರ್ಥಿಗಳು ಬಿಟ್ಟುಹೋದ ಫೋಲ್ಡರ್ ತೆರೆದು ‘ಬಿಲ್ಡ್’ ಎಂಬ ಗುಂಡಿ ಒತ್ತಿತು ಅನ್ನಬೇಕು. ಕಿಟ್ ಓಡಿತು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರಂತೆ: “ನಿಮ್ಮ ಪ್ರೋಗ್ರಾಮ್ ಮೆಮೊರಿಯಲ್ಲಿ ಎಲ್ಲಿ ಕೂತಿದೆ?” ನಾಲ್ವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಅಣ್ಣ ಆ ರಾತ್ರಿ ಊಟ ಮಾಡಲಿಲ್ಲ. ಈ ಸಲ ಗುಂಡಿ ಮುಟ್ಟುವುದಿಲ್ಲ, ಎಲ್ಲವನ್ನೂ ಕೈಯಾರೆ ಟೈಪು ಮಾಡಿಯೇ ಜೋಡಿಸುತ್ತೇನೆ ಎಂದು ಹಟ ಹಿಡಿದ. ಪಕ್ಕದಲ್ಲಿ ಕೂತು ಪಟ್ಟಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ಎಂಬುದು ಧ್ವನಿಯಂಥ ಸಂಕೇತಗಳನ್ನು ಅಂಕಿಗಳಾಗಿ ಪಡೆದು, ಗುಣಿಸಿ ಕೂಡಿಸುವುದಕ್ಕೆಂದೇ ಮಾಡಿದ ಚಿಪ್ಪು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಈ ಸಾಲಿನ ಮೊದಲ ಚಿಪ್ಪು, 1980ರ ದಶಕದ ಆರಂಭದ ಟಿಎಂಎಸ್32010, ಸೆಕೆಂಡಿಗೆ 50 ಲಕ್ಷ ಆದೇಶ ನಡೆಸುತ್ತಿತ್ತು. ಅಣ್ಣನ ಲ್ಯಾಬಿನ ಹಳೆಯ ಕಿಟ್ಟಿನಲ್ಲಿರುವ ಸಿ6713ರ ಗಡಿಯಾರ ಸೆಕೆಂಡಿಗೆ 22.5 ಕೋಟಿ ಸಲ ಬಡಿಯುತ್ತದೆ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದರೆ ಒಂದೊಂದು ಅಳತೆಗೆ ಸಿಗುವುದು 28,125 ಬಡಿತ. ಮುಂದಿನ ಅಳತೆ ಬರುವುದರೊಳಗೆ ಇದರ ಕೆಲಸ ಮುಗಿಯಲೇಬೇಕು. ಆದ್ದರಿಂದ ಯಾವುದು ಚಿಪ್ಪಿನೊಳಗಿನ ವೇಗದ ಮೆಮೊರಿಯಲ್ಲಿರಬೇಕು, ಯಾವುದು ಹೊರಗಿನ ನಿಧಾನದ ಮೆಮೊರಿಯಲ್ಲಿದ್ದರೂ ನಡೆದೀತು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ನಾವು ಹೇಳಿದಂತೆ ಆ ಜಾಗ ಹಂಚುವ ಗುಮಾಸ್ತನೇ ಲಿಂಕರ್.

ಕಾಮರ್ಸಿನವರಿಗೆ ಇದು ಹೊಸ ಸಂಗತಿಯೇ ಅಲ್ಲ. ಜರ್ನಲ್ ಬರೆಯುವಾಗ ಎಲ್.ಎಫ್. ಎಂಬ ಸಣ್ಣ ಕಾಲಮನ್ನು ನಾವು ಖಾಲಿ ಬಿಡುತ್ತೇವಲ್ಲ? ಆ ಖಾತೆ ಲೆಡ್ಜರಿನ ಯಾವ ಪುಟದಲ್ಲಿದೆ ಎಂಬುದನ್ನು ತುಂಬುವುದು ಪೋಸ್ಟಿಂಗ್ ಮಾಡುವಾಗ. ಕಂಪೈಲರ್ ಮಾಡುವುದೂ ಹಾಗೆಯೇ. ಅದು ಒಂದೊಂದೇ ಕಡತವನ್ನು ಅನುವಾದಿಸುತ್ತದೆ. ಬೇರೆ ಕಡತದಲ್ಲಿರುವ ಫಂಕ್ಷನ್ನಿನ ವಿಳಾಸ ಗೊತ್ತಿಲ್ಲದ್ದರಿಂದ ಆ ಜಾಗವನ್ನು ಖಾಲಿ ಬಿಡುತ್ತದೆ. ಕಡತಗಳನ್ನೆಲ್ಲ ಒಟ್ಟುಗೂಡಿಸಿ, ಒಂದೊಂದಕ್ಕೂ ಪುಟ ಕೊಟ್ಟು, ಖಾಲಿ ಬಿಟ್ಟಲ್ಲೆಲ್ಲ ವಿಳಾಸ ತುಂಬುವುದು ಲಿಂಕರಿನ ಕೆಲಸ.

ಆದೇಶವೂ ಗಹನವಾದದ್ದಲ್ಲ. ಎಲ್‌ಎನ್‌ಕೆ6ಎಕ್ಸ್ ಎಂದು ಬರೆದು, ಜೋಡಿಸಬೇಕಾದ ಕಡತಗಳ ಹೆಸರು, ಒಂದು ಕಮಾಂಡ್ ಫೈಲಿನ ಹೆಸರು. ‘ಮೈನಸ್ ಓ’ ಎಂದು ತಯಾರಾಗಬೇಕಾದ ಕಡತದ ಹೆಸರು. ‘ಮೈನಸ್ ಎಂ’ ಎಂದು ಮ್ಯಾಪ್ ಫೈಲಿನ ಹೆಸರು. ಮುಗಿಯಿತು. ಮೊದಲ ರಾತ್ರಿಯೇ ಲಿಂಕರ್ ಮುಷ್ಕರ ಹೂಡಿತು: ‘ಫಿಲ್ಟರ್’ ಎಂಬ ಹೆಸರು ಇತ್ಯರ್ಥವಾಗಿಲ್ಲ, ಔಟ್ ಫೈಲು ಕಟ್ಟಿಲ್ಲ.

“ಇದೆಂಥದು ಅಣ್ಣಾ? ಆ ಫೈಲನ್ನು ಕೊಟ್ಟಿದ್ದೇವಲ್ಲ!” ಎಂದೆ.

“ಕೊಟ್ಟಿದ್ದು ಹೌದು ಮಾರಾಯಾ. ಆದ್ರೆ ಅದು ಕೇಳುವ ಹೆಸರಿನವರು ಅಲ್ಲಿ ಯಾರೂ ಇಲ್ಲ ಅಂತ ಹೇಳ್ತಾ ಉಂಟು.”

ಒಂದು ಗಂಟೆ ಹುಡುಕಿದೆವು. ಆ ಹಳೆಯ ಕಾಫ್ ಪದ್ಧತಿಯಲ್ಲಿ ಸಿ ಕಂಪೈಲರ್ ಪ್ರತಿ ಹೆಸರಿನ ಹಿಂದೆ ಒಂದು ಅಡಿಗೆರೆ ಸೇರಿಸುತ್ತದೆ. ಅಣ್ಣ ಅಸೆಂಬ್ಲಿಯಲ್ಲಿ ಬರೆದ ಫಂಕ್ಷನ್ನಿಗೆ ಆ ಗೆರೆ ಹಾಕಿರಲಿಲ್ಲ. (ಈಚಿನ ಎಲ್ಫ್ ಪದ್ಧತಿಯಲ್ಲಿ ಈ ಗೆರೆ ಬೇಕಿಲ್ಲ.) ಡೆಬಿಟ್ ಒಂದು ಹೆಸರಿನಲ್ಲಿ, ಕ್ರೆಡಿಟ್ ಇನ್ನೊಂದು ಹೆಸರಿನಲ್ಲಿ ಬರೆದರೆ ಖಾತೆ ಕೂಡೀತೇ? ಗೆರೆ ಹಾಕಿದೆವು, ಕೂಡಿತು.

ಇನ್ನು ಕಮಾಂಡ್ ಫೈಲು. ಅದರಲ್ಲಿ ಎರಡು ಭಾಗ. ‘ಮೆಮೊರಿ’ ಎಂಬಲ್ಲಿ ಇರುವ ಜಾಗಗಳ ಪಟ್ಟಿ: ಚಿಪ್ಪಿನೊಳಗೆ ಸೊನ್ನೆಯಿಂದ 192 ಕಿಲೋಬೈಟು, ಹೊರಗೆ ಕಿಟ್ಟಿನ ಮೇಲೆ 16 ಮೆಗಾಬೈಟು. ‘ಸೆಕ್ಷನ್ಸ್’ ಎಂಬಲ್ಲಿ ಯಾವ ಸಾಮಾನು ಎಲ್ಲಿಗೆ ಎಂಬ ಹಂಚಿಕೆ. ಅಣ್ಣನಿಗೆ ಹತ್ತು ಸೆಕೆಂಡಿನ ಧ್ವನಿ ಹಿಡಿದಿಡಬೇಕಿತ್ತು. 8000 ಅಳತೆ, 10 ಸೆಕೆಂಡು, ಒಂದೊಂದಕ್ಕೆ 4 ಬೈಟು, ಒಟ್ಟು 3,20,000. ಒಳಗೆ ಇರುವುದೇ 1,96,608. ಕಂಪೈಲರ್ ತುಟಿಪಿಟಿಕ್ ಅನ್ನದೆ ಪಾಸು ಮಾಡಿತ್ತು, ಯಾಕೆಂದರೆ ಅದಕ್ಕೆ ಜಾಗದ ಲೆಕ್ಕವೇ ಇಲ್ಲ. ಜಾಗ ಸಾಲದು ಎಂದು ನಿಲ್ಲಿಸಿದ್ದು ಲಿಂಕರ್. ದೊಡ್ಡ ಅರೇಗಳು ಸೇರುವ ‘ಫಾರ್’ ಎಂಬ ವಿಭಾಗವನ್ನು ಹೊರಗಿನ ಮೆಮೊರಿಗೆ ಕಳಿಸಲು ನಾವು ತಿದ್ದಿದ್ದು ಒಂದೇ ಒಂದು ಸಾಲು.

ಇಷ್ಟಾದ ಮೇಲೆ ತಪ್ಪಿಲ್ಲದೆ ಲಿಂಕ್ ಆಯಿತು. ಮರುದಿನ ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ದು ಓಡಿಸಿದರೆ ಬರೇ ಗೊರ್ ಗೊರ್ ಸದ್ದು! ನಮ್ಮ ಪಾಠ ನೆನಪಾಯಿತು: ಟ್ರಯಲ್ ಬ್ಯಾಲೆನ್ಸ್ ಕೂಡಿದ ಮಾತ್ರಕ್ಕೆ ಲೆಕ್ಕ ಸರಿ ಎಂದರ್ಥವಲ್ಲ. ಮ್ಯಾಪ್ ಫೈಲು ತೆಗೆದು ಸಾಲು ಸಾಲಾಗಿ ಓದಿದೆ. ಅದರಲ್ಲಿ ಪ್ರತಿ ವಿಭಾಗ ಎಲ್ಲಿ ಶುರು, ಎಷ್ಟು ಉದ್ದ ಎಂಬುದು ಅಚ್ಚುಕಟ್ಟಾಗಿ ಇರುತ್ತದೆ. ‘ಸ್ಟ್ಯಾಕ್’ ಎಂಬುದರ ಎದುರು 400 ಎಂದಿತ್ತು. ಅದು ಹದಿನಾರರ ಲೆಕ್ಕ. ನಮ್ಮ ಲೆಕ್ಕದಲ್ಲಿ 1024 ಬೈಟು. ನಾವು ಹೇಳದಿದ್ದರೆ ಲಿಂಕರ್ ತಾನಾಗಿ ಕೊಡುವುದು ಅಷ್ಟೇ. ಅಣ್ಣ ಒಂದು ಫಂಕ್ಷನ್ನಿನೊಳಗೆ ಇಟ್ಟುಕೊಂಡ ಅರೇಯೇ 512 ಫ್ಲೋಟು, ಅಂದರೆ 2048 ಬೈಟು. ಅದು ಉಕ್ಕಿ ಪಕ್ಕದವರ ಜಾಗಕ್ಕೆ ನುಗ್ಗಿತ್ತು. ‘ಮೈನಸ್ ಸ್ಟ್ಯಾಕ್’ ಎಂದು ಬರೆದು 4096 ಬೈಟು ಕೊಟ್ಟೆವು. ಗೊರಗೊರ ನಿಂತಿತು.

ಈಗ ನನ್ನ ವಾದ. ಗುಂಡಿ ಒತ್ತಿದಾಗಲೂ ಒಳಗೆ ನಡೆಯುವುದು ಇದೇ ಲಿಂಕರ್, ಇದೇ ಆದೇಶ. ಆದರೆ ಕಣ್ಣಿಗೆ ಬೀಳುವುದಿಲ್ಲ. ಕಾಣದ್ದನ್ನು ಯಾರೂ ಕಲಿಯುವುದಿಲ್ಲ. “ಸಮಯ ಉಳಿಯುತ್ತದಲ್ಲ, ಕೆಲಸ ಕೊಡುವ ಕಂಪನಿಯವರೂ ಗುಂಡಿಯನ್ನೇ ಒತ್ತುತ್ತಾರಲ್ಲ” ಎಂದು ಅಣ್ಣನ ಗೆಳೆಯರು ಹೇಳುತ್ತಾರೆ. ನಿಜವೇ. ನಾಳೆ ನಾನೂ ಟ್ಯಾಲಿಯಲ್ಲೇ ಲೆಕ್ಕ ಬರೆಯುವವನು. ಹಾಗೆಂದು ನಮ್ಮ ಮೇಷ್ಟ್ರು ಜರ್ನಲ್, ಲೆಡ್ಜರುಗಳನ್ನು ಕೈಯಲ್ಲಿ ಬರೆಸದೆ ಬಿಟ್ಟಿದ್ದಾರೆಯೇ? ಕೈಯಲ್ಲಿ ಬರೆದವನಿಗೆ ಟ್ಯಾಲಿ ತಪ್ಪಿದಾಗ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ಬರೆಯದವನು ಮತ್ತೆ ಗುಂಡಿಯನ್ನೇ ಒತ್ತುತ್ತಾನೆ. ವರ್ಷವಿಡೀ ಆದೇಶ ಟೈಪು ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ಪ್ರಾಜೆಕ್ಟನ್ನಾದರೂ ಹಾಗೆ ಕಟ್ಟಿ, ಮ್ಯಾಪ್ ಫೈಲನ್ನು ಓದಿ ವಿವರಿಸಿದ ಮೇಲೆಯೇ ಗುಂಡಿ ಕೊಡಲಿ ಎನ್ನುತ್ತೇನೆ.

ಇನ್ನೊಂದು ಮಾತು ನಮ್ಮವರಿಗೆ. ಕನ್ನಡ ಶಾಲೆಯಿಂದ ಬಂದವರು ಇಂಗ್ಲಿಷಿನ ದೋಷಸಂದೇಶ ಕಂಡ ಕೂಡಲೇ ಕಣ್ಣು ಮುಚ್ಚಿ ಅಳಿಸಿಬಿಡುತ್ತೇವೆ. ನಾನೂ ಹಾಗೇ ಇದ್ದೆ. ಅದು ಹೇಳುವುದು ಎರಡೇ ಸಂಗತಿ: ಈ ಹೆಸರಿನವರು ಸಿಕ್ಕಲಿಲ್ಲ, ಅಥವಾ ಈ ಸಾಮಾನಿಗೆ ಜಾಗ ಸಾಲಲಿಲ್ಲ. ಖೋಲಿಯಲ್ಲಿ ಆರು ಜನ ಮಲಗುವ ನಮಗೆ ಅದು ಅರ್ಥವಾಗದ್ದೇ? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದದ್ದು 1985ರಲ್ಲಿ. ನಾಲ್ಕು ದಶಕ ಕಳೆದರೂ ಲಿಂಕರ್ ಬಗ್ಗೆ ಕನ್ನಡದಲ್ಲಿ ಒಂದು ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಬೇರೆಯವರನ್ನು ದೂರುವುದಕ್ಕಿಂತ ನಾವೇ ಬರೆಯುವುದು ಮೇಲು. ದೊಡ್ಡ ದೊಡ್ಡ ಸಂಸ್ಕೃತ ಪದ ಹುಟ್ಟಿಸುವ ಅಗತ್ಯವಿಲ್ಲ. ಲಿಂಕರ್ ಲಿಂಕರೇ ಆಗಿರಲಿ, ವಿವರಣೆ ಕನ್ನಡದಲ್ಲಿರಲಿ.

ಅಣ್ಣನ ಮೌಖಿಕ ಪರೀಕ್ಷೆ ಮುಂದಿನ ತಿಂಗಳು. ಆ ಪ್ರಶ್ನೆ ಮತ್ತೆ ಬಂದರೆ ಮ್ಯಾಪ್ ಫೈಲಿನ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಟ್ಟು, ಬೆರಳಿಟ್ಟು ತೋರಿಸುತ್ತಾನಂತೆ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ. ಸ್ಟೆನ್ಸಿಲ್ ಕೊರೆಯಲು ನಾನು ತಯಾರು.