ನಗೆಯ ಗುರಿ

ರೂಪವನ್ನು ಹಳಿದು ನಗಿಸುವ ಚಿತ್ರಪಟಗಳು ನಿರುಪದ್ರವಿಗಳೆಂದು ಭಾವಿಸುವುದು ತಪ್ಪು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ತರುವಾಯ ಅಸುನೀಗಿದಳು. ಶಸ್ತ್ರವಿದ್ಯೆಯನ್ನು ನಾವು ನಿಂದಿಸಲಾರೆವು. ಕತ್ತರಿಸಿಹೋದ ಮೂಗನ್ನು ಮರಳಿ ಕೂಡಿಸುವ ವಿಧಾನವು ಸುಶ್ರುತಸಂಹಿತೆಯಲ್ಲಿಯೇ ಉಂಟು. ಆದರೆ ಅಂಗಹೀನನಿಗೆ ಅಂಗವನ್ನೀಯುವುದು ಬೇರೆ, ಆರೋಗ್ಯವಂತರು ಪರರ ನಗೆಗಂಜಿ ಶಸ್ತ್ರಕ್ಕೆ ಮೈಯೊಡ್ಡುವುದು ಬೇರೆ. 2017ರ ‘ಒಂದು ಮೊಟ್ಟೆಯ ಕಥೆ’ಯು ಬೋಳುತಲೆಯ ಅಧ್ಯಾಪಕನ ವಧುಶೋಧವನ್ನು ತೋರಿಸಿ, ಅವನ ತಲೆಗಿಂತ ಅವನ ರೂಪಮೋಹವನ್ನೇ ನಗೆಗೀಡುಮಾಡಿತು, ಹಾಸ್ಯಕ್ಕೆ ಇದೇ ಸನ್ಮಾರ್ಗ. ಅಂಧರಾದ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ತಲೆಯ ಮೇಲೆ ಹೊತ್ತ ಗದಗಿನ ಸೀಮೆಗೆ, ಮನುಷ್ಯನ ಬೆಲೆ ಮುಖದಲ್ಲಿಲ್ಲವೆಂದು ಹೊಸದಾಗಿ ಹೇಳಬೇಕಾಗಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪ್ರೇಕ್ಷಕರು ಮುಖವನ್ನು ಹಳಿಯುವ ನಗೆಗೆ ಚಪ್ಪಾಳೆಯನ್ನು ನಿರಾಕರಿಸಲಿ.