ಮೂಗು ತಗುಲಿದರೆ ಮಸುಕಾಗುವ ಚಿತ್ರ

ನಂಜನಗೂಡಿನ ದೊಡ್ಡ ಜಾತ್ರೆ ಮುಗಿದ ಮರುವಾರ ನನ್ನ ಹಳೆಯ ವಿದ್ಯಾರ್ಥಿಗಳಿಂದ ಛಾಯಾಚಿತ್ರಗಳು ಬರತೊಡಗುತ್ತವೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂಬ ಐದು ರಥಗಳನ್ನೂ ಮನೆಯಲ್ಲಿ ಕುಳಿತೇ ನೋಡುವ ಭಾಗ್ಯ ನನ್ನದು. ಆದರೆ ಕೆಲವು ವರ್ಷಗಳಿಂದ ಈ ಚಿತ್ರಗಳಲ್ಲಿ ಒಂದು ವಿಚಿತ್ರ ದೋಷವನ್ನು ಗಮನಿಸುತ್ತಿದ್ದೇನೆ. ಶ್ರೀಕಂಠೇಶ್ವರನ ಗೌತಮ ರಥವು ಚೌಕಟ್ಟಿನ ನಟ್ಟನಡುವೆ ಇರುತ್ತದೆ, ಆದರೆ ಮಂಜಿನಲ್ಲಿ ಕಂಡಂತೆ. ಕೆಳಗಿನ ಮೂಲೆಯಲ್ಲಿ ಯಾರೋ ಅಪರಿಚಿತರ ಹೆಗಲ ಮೇಲಿನ ಟವೆಲ್ಲಿನ ನೂಲನ್ನು ಮಾತ್ರ ಎಣಿಸಬಹುದು! ಕಳುಹಿಸಿದವರು "ಜನರ ನೂಕುನುಗ್ಗಲಲ್ಲಿ ಕೈ ನಡುಗಿಬಿಟ್ಟಿತು, ಮೇಷ್ಟ್ರೇ" ಎಂದು ಬರೆದಿರುತ್ತಾರೆ. ಕೈ ನಡುಗಿದ್ದರೆ ಟವೆಲ್ಲೂ ಅಲುಗಿರಬೇಕಿತ್ತಲ್ಲವೇ? ನಡುಗಿದ್ದು ಕೈಯಲ್ಲ, ಫೋಕಸ್ ಬೇರೆಡೆ ಹೋಗಿದೆ. ಅದನ್ನು ಅಲ್ಲಿಗೆ ಕಳುಹಿಸಿದ್ದು ಕ್ಯಾಮೆರಾದ ಬೆನ್ನಿನ ಸ್ಪರ್ಶ ಪರದೆ.

ಈ ಟಚ್ ಸ್ಕ್ರೀನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಗುಟ್ಟು ಬಯಲಾಗುತ್ತದೆ. ಹಿಂದಿನ ಕೆಲವು ಪರದೆಗಳನ್ನು ಒತ್ತಬೇಕಿತ್ತು. ಉಗುರಿನಿಂದಲೋ ಕಡ್ಡಿಯಿಂದಲೋ ಒತ್ತಿದರೂ ಆಗುತ್ತಿತ್ತು. ಈಗಿನವುಗಳಿಗೆ ಒತ್ತಡ ಬೇಕಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕಗಳ ಬಲೆಯೊಂದು ದುರ್ಬಲ ವಿದ್ಯುತ್ ಕ್ಷೇತ್ರವನ್ನು ಹರಡಿರುತ್ತದೆ. ವಿದ್ಯುತ್ತನ್ನು ಸಾಗಿಸಬಲ್ಲ ನಮ್ಮ ದೇಹ ಸಮೀಪಿಸಿದರೆ ಸಾಕು, ಆ ಕ್ಷೇತ್ರ ಬದಲಾಗುತ್ತದೆ. ಬದಲಾದ ಜಾಗವನ್ನೇ ಯಂತ್ರವು 'ಒಡೆಯನ ಅಪ್ಪಣೆ' ಎಂದು ತಿಳಿಯುತ್ತದೆ. ಅದಕ್ಕೆ ತೋರುಬೆರಳೂ ಒಂದೇ, ಮೂಗಿನ ತುದಿಯೂ ಒಂದೇ. ಬೆವರಿನಿಂದ ತೊಯ್ದು ಹೊಟ್ಟೆಗಂಟಿದ ಅಂಗಿಯೂ ಒಮ್ಮೊಮ್ಮೆ ಬೆರಳಿನ ಕೆಲಸ ಮಾಡಿಬಿಡುತ್ತದೆ. ನೀರಿನ ಹನಿಯೂ ಅಷ್ಟೇ.

2010ರಲ್ಲಿ ಪ್ಯಾನಸಾನಿಕ್ ಸಂಸ್ಥೆಯ ಲೂಮಿಕ್ಸ್ ಜಿ2 ಬಂದಾಗ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಿಗೂ ಬೆರಳಿಟ್ಟಲ್ಲಿ ಫೋಕಸ್ ಮಾಡುವ ವಿದ್ಯೆ ಬಂದಿತು. ಬಳಿಕ ಇನ್ನೊಂದು ಸೌಕರ್ಯ ಸೇರಿತು: ಕಣ್ಣನ್ನು ವ್ಯೂಫೈಂಡರಿಗೆ ಇಟ್ಟುಕೊಂಡೇ, ಹೆಬ್ಬೆರಳನ್ನು ಪರದೆಯ ಮೇಲೆ ಜಾರಿಸಿ ಫೋಕಸ್ ಚೌಕವನ್ನು ಬೇಕಾದಲ್ಲಿಗೆ ಒಯ್ಯುವುದು. ಕ್ಯಾನನ್ ಸಂಸ್ಥೆಯ 2016ರ ಇಒಎಸ್ ಎಂ5ರಲ್ಲಿ ಇದಿತ್ತು. ಉಪಾಯ ಒಳ್ಳೆಯದೇ. ಆದರೆ ಕಣ್ಣು ಹೋದಲ್ಲಿಗೆ ಮೂಗೂ ಹೋಗುತ್ತದಲ್ಲ! ಬಲಗಣ್ಣಿನಿಂದ ನೋಡುವವರ ಮೂಗು ಸಾಮಾನ್ಯವಾಗಿ ಪರದೆಯ ಎಡಭಾಗಕ್ಕೆ ತಾಗುತ್ತದೆ. ಎಡಗಣ್ಣಿನವರದು ಬಲಭಾಗಕ್ಕೆ, ಅಂದರೆ ಹೆಬ್ಬೆರಳು ಆಡುವ ಜಾಗಕ್ಕೇ. ಸುಮಾರು ಮೂವರಲ್ಲೊಬ್ಬರಿಗೆ ಎಡಗಣ್ಣೇ ಪ್ರಧಾನವೆನ್ನುತ್ತಾರೆ. ಇಷ್ಟೊಂದು ಜನರಿಗೆ "ನೀವು ಎಚ್ಚರದಿಂದಿರಿ" ಎಂದು ಬುದ್ಧಿ ಹೇಳುವುದು ನ್ಯಾಯವಲ್ಲ. ಮನುಷ್ಯನ ಮುಖದಲ್ಲಿ ಮೂಗೆಂಬುದೊಂದು ಇದೆಯೆಂದು ಕ್ಯಾಮೆರಾ ಮಾಡುವವರಿಗೆ ಮೊದಲೇ ಗೊತ್ತಿರಬೇಕಿತ್ತು.

ಇದೇನು ಮಹಾ ವಿಷಯವೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. 2025ರ ಫೆಬ್ರುವರಿಯಲ್ಲಿ ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ನಡೆಯಿತಷ್ಟೆ. 2019ರ ಮೇಳದ ನಂತರ 2022ರಲ್ಲಿ ಕೋವಿಡ್‌ನಿಂದಾಗಿ ಅದು ತಪ್ಪಿದ್ದರಿಂದ, ಆರು ವರ್ಷ ಕಾದಿದ್ದ ಹಿರಿಯರು ಅನೇಕರಿದ್ದರು. ನನ್ನ ಶಿಷ್ಯನೊಬ್ಬ ತನ್ನ ಅಜ್ಜಿಯನ್ನು ಕರೆದೊಯ್ದು, ಕಾವೇರಿ ಕಪಿಲೆಯರು ಕೂಡುವ ನೀರಿನಲ್ಲಿ ಮೊಣಕಾಲುದ್ದ ನಿಂತು, ಆಕೆ ಮುಳುಗಿ ಏಳುವುದನ್ನೂ ಬೊಗಸೆಯಲ್ಲಿ ಅರ್ಘ್ಯ ಬಿಡುವುದನ್ನೂ ತೆಗೆದ. ಮೊದಲ ಹನಿಗಳು ಪರದೆಗೆ ಸಿಡಿದಾಗಲೇ ಫೋಕಸ್ ಚೌಕ ಮೂಲೆಗೆ ಸರಿದಿರಬೇಕು. ಅನೇಕ ಕ್ಯಾಮೆರಾಗಳಲ್ಲಿ ಹಾಗೆ ಸರಿದ ಚೌಕ ತಾನಾಗಿ ಹಿಂದಿರುಗುವುದಿಲ್ಲ, ಇಟ್ಟಲ್ಲೇ ಇರುತ್ತದೆ. ಹೀಗಾಗಿ ಒಂದು ಹನಿಯಿಂದ ಕೆಟ್ಟದ್ದು ಒಂದು ಚಿತ್ರವಲ್ಲ, ಮುಂದಿನ ನಲವತ್ತೂ. ಬಿಸಿಲಿನಲ್ಲಿ ಮೂರಂಗುಲದ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ನಲವತ್ತರಲ್ಲೂ ಹಿಂದಿನ ಬಿದಿರಿನ ಬೇಲಿ ಸ್ಪಷ್ಟವಾಗಿತ್ತು, ಅಜ್ಜಿಯ ಮುಖ ಇರಲಿಲ್ಲ. ಆ ವರ್ಷ ದೀಪಾವಳಿಯ ಹೊತ್ತಿಗೆ ಅಜ್ಜಿಯೂ ಇರಲಿಲ್ಲ.

ಅವನು ಕೃತಕ ಬುದ್ಧಿಮತ್ತೆಯ ಯಾವುದೋ ತಂತ್ರಾಂಶದಿಂದ ಒಂದನ್ನು 'ಸರಿಪಡಿಸಿ' ನನಗೆ ಕಳುಹಿಸಿದ. ಮುಖ ಬಹಳ ಸ್ಪಷ್ಟವಾಗಿತ್ತು. ಆದರೆ ಅದು ನಾನು ಬಲ್ಲ ಆ ತಾಯಿಯ ಮುಖವಾಗಿರಲಿಲ್ಲ. ಗಲ್ಲದ ಸುಕ್ಕುಗಳು ಬೇರೆ, ಕಣ್ಣಿನ ನೋಟ ಬೇರೆ. ಫೋಕಸ್ ತಪ್ಪಿದ ಚಿತ್ರದಲ್ಲಿ ಇಲ್ಲದ ವಿವರವನ್ನು ಇಂಥ ತಂತ್ರಾಂಶವು, ತಾನು ಕಲಿತ ಬೇರೆ ಸಾವಿರಾರು ಮುಖಗಳಿಂದ ಊಹಿಸಿ ತುಂಬುತ್ತದೆ. ಅಂಥ ಚಿತ್ರಕ್ಕೆ ಹಾರ ಹಾಕುವುದಕ್ಕಿಂತ ಮಸುಕಾದುದನ್ನೇ ಇಟ್ಟುಕೊಳ್ಳೆಂದು ಬರೆದೆ. ಇಂದಿಗೂ ನನ್ನ ಅಭಿಪ್ರಾಯ ಅದೇ.

ಸ್ಪರ್ಶದ ಫೋಕಸ್ ಬೇಡವೇ ಬೇಡವೆಂದು ನಾನು ಹೇಳುವವನಲ್ಲ. ಮದುವೆಯಲ್ಲಿ ವಿಡಿಯೊ ತೆಗೆಯುವ ಹುಡುಗರು ಆರತಿಯ ದೀಪದಿಂದ ಮದುಮಗಳ ಮುಖಕ್ಕೆ ಬೆರಳ ತುದಿಯಲ್ಲೇ ಫೋಕಸ್ ಒಯ್ಯುವುದು ನೋಡಲು ಚೆಂದ. ನನ್ನ ತಕರಾರು ಇಷ್ಟೇ: ಅಂಗಡಿಯಿಂದ ತಂದಾಗ ಈ ಸೌಲಭ್ಯ ಮುಚ್ಚಿರಲಿ, ಬೇಕಾದವರು ತೆರೆದುಕೊಳ್ಳಲಿ. ಅದನ್ನು ತೆರೆಯಲು ಮುಚ್ಚಲು ಕ್ಯಾಮೆರಾದ ಮೈಮೇಲೆ, ಕತ್ತಲಲ್ಲೂ ತಡವಿದರೆ ಸಿಗುವ ಒಂದು ಸ್ವಿಚ್ಚಿರಲಿ. ಇಷ್ಟೆಲ್ಲ ಗುಂಡಿಗಳನ್ನಿಟ್ಟವರಿಗೆ ಇನ್ನೊಂದು ಭಾರವೇ? ಈಗಲಾದರೋ ಅದು ಮೆನುವಿನ ಮೂರನೆಯ ಮನೆಯ ಒಳಕೋಣೆಯಲ್ಲಿ ಅಡಗಿ ಕುಳಿತಿರುತ್ತದೆ.

ಅಲ್ಲಿಯವರೆಗೆ ನೀವೇ ಒಂದಿಷ್ಟು ಮಾಡಿಕೊಳ್ಳಬೇಕು. ಜಾತ್ರೆಗೋ ನದಿಗೋ ಹೊರಡುವ ಹಿಂದಿನ ರಾತ್ರಿ ಮೆನುವಿನಲ್ಲಿ 'ಟಚ್' ಎಂಬ ಪದವಿರುವ ಕಡೆಗಳನ್ನೆಲ್ಲ ಹುಡುಕಿ, ಟಚ್ ಶಟರ್ ಮತ್ತು ಟಚ್ ಫೋಕಸ್ ಎರಡನ್ನೂ ನಿಲ್ಲಿಸಿಡಿ. ಇವೆರಡೂ ಬೇರೆ ಬೇರೆ. ಒಂದನ್ನು ಆರಿಸಿದರೆ ಇನ್ನೊಂದು ಆರುವುದಿಲ್ಲ. ಹೆಬ್ಬೆರಳಿನ ಅಭ್ಯಾಸ ಬಿಡಲಾಗದವರು, ಕ್ಯಾಮೆರಾ ಅವಕಾಶ ಕೊಟ್ಟರೆ, ಪರದೆಯ ಬಲಭಾಗವಷ್ಟೇ ಕೆಲಸ ಮಾಡುವಂತೆ ಇಟ್ಟುಕೊಳ್ಳಬಹುದು. ಎಡಗಣ್ಣಿನವರಿಗೆ ಬಲಮೇಲ್ತುದಿಯ ಕಾಲುಭಾಗವೊಂದೇ ಸಾಕು. ಬಾಗಿಲಿನಂತೆ ತೆರೆಯುವ ಪರದೆಯಿದ್ದರೆ ಅದನ್ನು ಗೋಡೆಗೆ ಮುಖ ಮಾಡಿದ ತುಂಟ ಹುಡುಗನಂತೆ ಒಳಮುಖವಾಗಿ ಮಡಚಿಬಿಡಿ. ಎಲ್ಲಕ್ಕಿಂತ ಸುಲಭದ ಉಪಾಯವದು. ಹತ್ತು ಚಿತ್ರಗಳಿಗೊಮ್ಮೆ ಮುಖವನ್ನು ದೊಡ್ಡದು ಮಾಡಿ ನೋಡಿ. ಚೌಕ ಸರಿದಿದ್ದರೆ ನಡುವಿಗೆ ತರುವ ಗುಂಡಿ ಯಾವುದೆಂದು ಮನೆಯಲ್ಲೇ ಕಲಿತಿರಿ. ರಥ ಹೊರಟ ಮೇಲೆ, ಮೇಲಿಂದ ಹಣ್ಣು ಜವನ ಬೀಳುತ್ತಿರುವಾಗ, ಕೈಪಿಡಿ ಬಿಡಿಸಲು ಯಾರೂ ಜಾಗ ಕೊಡುವುದಿಲ್ಲ.